ಅಣ್ಣ ಓಡಿಸಿದ, ತಮ್ಮ ಕಟ್ಟಿದ

ಓಡುತ್ತಿರುವ ಎಂಜಿನ್ನಿನೊಳಗೆ ಪಿಸ್ಟನ್ ನಿಲ್ಲುತ್ತದೆ. ಸಿಲಿಂಡರಿನ ತುದಿಗೆ ಹೋಗಿ ಒಮ್ಮೆ, ಬುಡಕ್ಕೆ ಬಂದು ಇನ್ನೊಮ್ಮೆ. ಕ್ರ್ಯಾಂಕು ಒಂದು ಸುತ್ತು ಮುಗಿಸುವಷ್ಟರಲ್ಲಿ ಎರಡು ಸಲ ಅದರ ವೇಗ ಪೂರ್ತಿ ಸೊನ್ನೆಗೆ ಇಳಿದಿರುತ್ತದೆ. ನಿಂತದ್ದು ಹೊರಡಬೇಕು, ಹೊರಟದ್ದು ನಡುದಾರಿಯಲ್ಲಿ ಬಾಣದಂತೆ ನುಗ್ಗಬೇಕು, ನುಗ್ಗಿದ್ದು ಮತ್ತೆ ನಿಂತು ಬಂದ ದಾರಿಗೇ ತಿರುಗಬೇಕು. ನಿಮಿಷಕ್ಕೆ 6,500 ಸುತ್ತು ಎಂದು ಲೆಕ್ಕ ಹಿಡಿದರೆ ಸೆಕೆಂಡಿಗೆ 216 ಸಲ ಈ ನಿಲುಗಡೆ. ಹೊರಗೆ ನಿಂತವರ ಕಿವಿಗೆ ಅದೆಲ್ಲ ಸೇರಿ ಒಂದೇ ಎಳೆಯ ಗರ್ಜನೆ.

1964ರ ಫೆಬ್ರವರಿಯಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾ ಟ್ರ್ಯಾಕಿನಲ್ಲಿ ರಿಚರ್ಡ್ ಪೆಟ್ಟಿ ಎಂಬ 26ರ ತರುಣ 500 ಮೈಲಿ ಓಡಿಸಿ ಗೆದ್ದ. ಸರಾಸರಿ ವೇಗ ಗಂಟೆಗೆ 154 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 248 ಕಿಲೋಮೀಟರ್. 200 ಸುತ್ತುಗಳ ರೇಸಿನಲ್ಲಿ 184 ಸುತ್ತು ಅವನೇ ಮುಂದಿದ್ದ. ಒಟ್ಟು ಮೂರೂಕಾಲು ಗಂಟೆ. ಮೇಲಿನ 6,500ರ ಲೆಕ್ಕವನ್ನೇ ಆ ಮೂರೂಕಾಲು ಗಂಟೆಗೆ ಹಿಗ್ಗಿಸಿ ನೋಡಿ. ಕ್ರ್ಯಾಂಕು ಹನ್ನೆರಡೂವರೆ ಲಕ್ಷ ಸುತ್ತು ತಿರುಗಿರುತ್ತದೆ. ಒಂದೊಂದು ಪಿಸ್ಟನ್ನೂ 25 ಲಕ್ಷ ಸಲ ನಿಂತು ಹೊರಟಿರುತ್ತದೆ. ಎಂಟು ಸಿಲಿಂಡರುಗಳಲ್ಲಿ ಒಟ್ಟು 50 ಲಕ್ಷ ಸಲ ಪೆಟ್ರೋಲು ಹೊತ್ತಿ ಸಿಡಿದಿರುತ್ತದೆ. ಇಷ್ಟು ಸಿಡಿತವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಆ ಕಬ್ಬಿಣ ಬಿರಿಯಲಿಲ್ಲ.

ನನ್ನ ಬೆರಗು ಇಲ್ಲಿಂದ ಶುರುವಾಗುತ್ತದೆ. ವೇಗವನ್ನು ಕಂಡು ಬಾಯಿ ಬಿಡುವುದಕ್ಕೆ ವಿಶೇಷ ತಯಾರಿ ಏನೂ ಬೇಡ. ಕಾರು ಸುಯ್ಯೆಂದು ಹೋದರೆ ಮಗುವೂ ಬಾಯಿ ಬಿಡುತ್ತದೆ. ಆದರೆ ಒಡೆಯದೆ ಉಳಿದದ್ದನ್ನು, ಜಾರದೆ ನಿಂತದ್ದನ್ನು, ಕಾಯಬಹುದಾಗಿದ್ದರೂ ಕಾಯದೆ ಹೋದದ್ದನ್ನು ಕಂಡು ಬೆರಗಾಗಬೇಕಾದರೆ ಸ್ವಲ್ಪ ಲೆಕ್ಕ ಬೇಕು, ಸ್ವಲ್ಪ ತಾಳ್ಮೆಯೂ ಬೇಕು. ಎಂಜಿನ್ ಕಟ್ಟುವವನ ಕಸುಬು ಪೂರ್ತಿ ಈ ಎರಡನೆಯ ಬಗೆಯದು. ಏನೂ ಆಗದ ಹಾಗೆ ನೋಡಿಕೊಳ್ಳುವುದೇ ಅವನ ಕೆಲಸ. ಆಗಲಿಲ್ಲ ಎಂಬುದಕ್ಕೆ ಯಾವ ಸ್ಟೇಡಿಯಮ್ಮಿನಲ್ಲೂ ಚಪ್ಪಾಳೆ ಇಲ್ಲ. ಅವನ ಹೆಸರು ಜನರ ಬಾಯಿಗೆ ಬರುವುದು ಬಾನೆಟ್ಟಿನಿಂದ ಹೊಗೆ ಎದ್ದ ದಿನ.

ಪೆಟ್ಟಿ ತಂಡದಲ್ಲಿ ಆ ಕಸುಬಿನವನು ರಿಚರ್ಡ್‌ನ ಸ್ವಂತ ತಮ್ಮ, ಮಾರಿಸ್ ಪೆಟ್ಟಿ. 1964ರ ಆ ಫೆಬ್ರವರಿಯಲ್ಲಿ ಅವನಿಗೆ ಇನ್ನೂ 25 ತುಂಬಿರಲಿಲ್ಲ.

ಸ್ಟಾಕ್ ಕಾರ್ ರೇಸು ನಮ್ಮಲ್ಲಿ ಅಷ್ಟಾಗಿ ಪರಿಚಯವಿಲ್ಲ. ಫಾರ್ಮುಲಾ ಒನ್ ಕಾರು ನೋಡಿದ ಕೂಡಲೇ ಅದು ಬೀದಿಯದ್ದಲ್ಲ ಎಂದು ಗೊತ್ತಾಗುತ್ತದೆ. ಸ್ಟಾಕ್ ಕಾರು ಹಾಗಲ್ಲ. ಅಂಗಡಿಯಲ್ಲಿ ಮಾರುವ ಕಾರಿನದೇ ರೂಪ, ಒಳಗೆ ಮಾತ್ರ ಬೇರೆ ಜೀವ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೊಲೀಸರ ಕೈಗೆ ಸಿಗದಂತೆ ಮಾಮೂಲಿ ಕಾರುಗಳ ಎಂಜಿನ್ನನ್ನು ಚುರುಕುಗೊಳಿಸಿಕೊಳ್ಳುತ್ತಿದ್ದರು. ಈ ಆಟದ ಒಂದು ಬೇರು ಅಲ್ಲಿದೆ. 1949ರ ಜೂನ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ ನ್ಯಾಸ್ಕಾರ್ ಸಂಸ್ಥೆ ತನ್ನ ಮೊದಲ ಅಪ್ಪಟ ಸ್ಟಾಕ್ ಕಾರ್ ರೇಸು ನಡೆಸಿದಾಗ ಲೀ ಪೆಟ್ಟಿ ಎಂಬಾತ ಪರಿಚಯದವರೊಬ್ಬರ ಬ್ಯೂಕ್ ಕಾರನ್ನು ಕೇಳಿ ತಂದು ಓಡಿಸಿ, ಪಲ್ಟಿ ಹೊಡೆಸಿದ. ರಿಚರ್ಡ್ ಮತ್ತು ಮಾರಿಸ್ ಆತನ ಮಕ್ಕಳು. ಆಗ ದೊಡ್ಡವನಿಗೆ ಹನ್ನೆರಡು ತುಂಬುತ್ತಿತ್ತು, ಚಿಕ್ಕವನಿಗೆ ಹತ್ತು. ಇನ್ನೊಬ್ಬರ ಕಾರು ಚಿಂದಿಯಾದ ಮೇಲೂ ಅಪ್ಪ ಹುಚ್ಚು ಬಿಡಲಿಲ್ಲ. ಲೆವೆಲ್ ಕ್ರಾಸ್ ಎಂಬ ಹಳ್ಳಿಯಲ್ಲಿ, ಬೇಸಾಯದ ಯಂತ್ರ ಇಡುತ್ತಿದ್ದ ಮಣ್ಣು ನೆಲದ ಕೊಟ್ಟಿಗೆಯಲ್ಲಿ ತಂಡ ಕಟ್ಟಿದ. ಮೂರು ಸಲ ಚಾಂಪಿಯನ್ ಆದ. 1959ರಲ್ಲಿ ನಡೆದ ಮೊಟ್ಟಮೊದಲ ಡೇಟೋನಾ 500 ಗೆದ್ದವನೂ ಅವನೇ. ಗೆದ್ದವರು ಯಾರು ಎಂದು ಫೋಟೊ, ಫಿಲ್ಮು ನೋಡಿ ತೀರ್ಮಾನಿಸಲು ಸಂಘಟಕರಿಗೆ ಮೂರು ದಿನ ಹಿಡಿಯಿತು. 1961ರ ಅಪಘಾತದ ನಂತರ ಹೆಚ್ಚುಕಡಿಮೆ ಸ್ಟಿಯರಿಂಗ್ ಬಿಟ್ಟು ತಂಡ ನಡೆಸಿದ. ಪಿಟ್‌ನ ಯಜಮಾನಿಕೆ ಮುಂದೆ ಡೇಲ್ ಇನ್ಮನ್ ಎಂಬ ಸಂಬಂಧಿಯ ಕೈಗೆ ಬಂತು. ಹೀಗೆ ಅದು ಪೂರ್ತಿ ಮನೆಮಂದಿಯ ಉದ್ಯೋಗ.

ಮಾರಿಸ್‌ಗೆ ಚಿಕ್ಕಂದಿನಲ್ಲಿ ಪೋಲಿಯೊ ಬಡಿದಿತ್ತು. ಲಸಿಕೆ ಇನ್ನೂ ಬಂದಿರದ ಕಾಲ ಅದು. ಆದರೂ ಅಪ್ಪ, ಅಣ್ಣನ ಹಾಗೆ ಅವನೂ ರೇಸಿಗೆ ಇಳಿದ. 1960ರಿಂದ 1964ರ ವರೆಗೆ 26 ರೇಸುಗಳಲ್ಲಿ ಓಡಿಸಿದ. ಹಲವು ಸಲ ಮೊದಲ ಹತ್ತರೊಳಗೆ ಬಂದ, ಗೆಲ್ಲಲಿಲ್ಲ. ಆಮೇಲೆ ಡ್ರೈವರ್ ಸೀಟಿಗೆ ಮರಳಲಿಲ್ಲ. ಹೊಟ್ಟೆಯೊಳಗೆ ಎಷ್ಟು ಕುದಿಯಿತೋ, ನಿರಾಳವೇ ಆಯಿತೋ, ಊಹಿಸಲು ನನಗೆ ಇಷ್ಟವಿಲ್ಲ. ಇಂಥ ಜಾಗದಲ್ಲಿ ಬರೆಯುವವರು ‘ಸೋತವನ ತ್ಯಾಗ’ ಎಂದು ರಾಗ ಎಳೆಯುವುದುಂಟು. ಮಾರಿಸ್ ಸೋತವನಲ್ಲ. ಅಣ್ಣನಿಗೆ ಜನ ‘ಕಿಂಗ್’ ಎಂದು ಹೆಸರಿಟ್ಟರೆ ವರ್ಕ್‌ಶಾಪಿನಲ್ಲಿ ತಮ್ಮನನ್ನು ‘ಚೀಫ್’ ಎಂದು ಕರೆಯುತ್ತಿದ್ದರು.

ಎಂಜಿನ್ ಕಟ್ಟುವುದು ಎಂದರೇನು? ಕಂಪನಿಯಿಂದ ಬಂದ ಎಂಜಿನ್ನನ್ನು ಹಾಗೇ ಎತ್ತಿ ಕೂರಿಸಿದರೆ ಆಗುವುದಿಲ್ಲವೇ? ಆಗುತ್ತದೆ, ಮಾರುಕಟ್ಟೆಗೆ ಹೋಗಿಬರುವುದಕ್ಕೆ. ಸಾವಿರಾರು ಎಂಜಿನ್ನು ಎರಕ ಹೊಯ್ಯುವ ಕಾರ್ಖಾನೆ ಎಲ್ಲ ಅಳತೆಗಳಿಗೂ ಒಂದಿಷ್ಟು ಸಡಿಲು ಬಿಟ್ಟಿರುತ್ತದೆ. ರೇಸಿನವನಿಗೆ ಆ ಸಡಿಲೇ ಶತ್ರು. ಅವನು ಮೊದಲು ಎಲ್ಲವನ್ನೂ ಬಿಚ್ಚುತ್ತಾನೆ. ಬ್ಲಾಕನ್ನು ಬೋರು ಮಾಡಿ, ಹೋನ್ ಮಾಡಿ, ಎಂಟೂ ಸಿಲಿಂಡರುಗಳ ಗೋಡೆ ಗುಂಡಗಿದೆಯೇ, ಮೇಲಿನಿಂದ ಕೆಳಗಿನವರೆಗೆ ಒಂದೇ ಅಳತೆಯೇ ಎಂದು ನೋಡುತ್ತಾನೆ. ಎಂಟು ಪಿಸ್ಟನ್ನುಗಳನ್ನು ತೂಗಿ ಸಮ ಮಾಡುತ್ತಾನೆ; ಒಂದು ಗ್ರಾಮಿನ ವ್ಯತ್ಯಾಸವೂ ಆ ವೇಗದಲ್ಲಿ ಗುದ್ದಾಗಿ ಪರಿಣಮಿಸುತ್ತದೆ. ರಿಂಗುಗಳ ತುದಿ ಒಂದಕ್ಕೊಂದು ತಾಗದಂತೆ ಎಷ್ಟು ಸಂದು ಬಿಡಬೇಕೋ ಅಷ್ಟನ್ನು ಅರದಿಂದ ಉಜ್ಜಿ ಬಿಡುತ್ತಾನೆ. ಬಿಸಿಯಾದಾಗ ರಿಂಗು ಹಿಗ್ಗುತ್ತದೆ, ಸಂದು ಸಾಲದಿದ್ದರೆ ತುದಿಗಳು ಕಚ್ಚಿಕೊಂಡು ಗೋಡೆಯನ್ನು ಗೀರುತ್ತವೆ. ಸಂದು ಜಾಸ್ತಿಯಾದರೆ ಬೆಂಕಿಯ ಒತ್ತಡ ಕೆಳಕ್ಕೆ ಸೋರಿ ಶಕ್ತಿ ಪೋಲು.

ನನಗೆ ಎಲ್ಲಕ್ಕಿಂತ ಸೋಜಿಗ ಎನಿಸುವುದು ಬೇರಿಂಗು. ಕ್ರ್ಯಾಂಕು ಕೂರುವ ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಬಿಡುವ ಜಾಗ ಇಂಚಿನ ಸಾವಿರದಲ್ಲಿ ಎರಡು-ಮೂರು ಭಾಗ. ಕೂದಲೆಳೆಯ ಅಂತರ ಎಂದು ನಾವು ಮಾತಿಗೆ ಹೇಳುತ್ತೇವಲ್ಲ, ಇಲ್ಲಿ ಅದು ಅಕ್ಷರಶಃ ನಿಜ. ತಲೆಗೂದಲಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಆ ಸಂದಿನಲ್ಲಿ ಎಣ್ಣೆ ತುಂಬಿಕೊಳ್ಳುತ್ತದೆ. ಶಾಫ್ಟು ತಿರುಗಿದಂತೆಲ್ಲ ಎಣ್ಣೆಯನ್ನು ತನ್ನ ಅಡಿಗೇ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಎಲ್ಲ ಸರಿಯಾಗಿದ್ದರೆ ಒಮ್ಮೆ ಶುರುವಾದ ಮೇಲೆ ಮೂರೂಕಾಲು ಗಂಟೆ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಮೇಲಿಂದ ಒಂದೊಂದು ಸಿಡಿತವೂ ಟನ್‌ಗಟ್ಟಲೆ ಭಾರದಿಂದ ಒತ್ತುತ್ತಿರುತ್ತದೆ, ಕೆಳಗೆ ಹೊತ್ತು ನಿಂತಿರುವುದು ಕೂದಲೆಳೆಯಷ್ಟು ಎಣ್ಣೆ. ಸಂದು ಹೆಚ್ಚಾದರೆ ಎಣ್ಣೆ ಜಾರಿಹೋಗಿ ಒತ್ತಡ ಬೀಳುತ್ತದೆ. ಕಮ್ಮಿಯಾದರೆ ಎಣ್ಣೆ ಒಳಗೆ ಹೋಗಲಾರದೆ ಬೇರಿಂಗು ಸುಟ್ಟು ಅಂಟಿಕೊಳ್ಳುತ್ತದೆ. ಎರಡೂ ತಪ್ಪಿಗೆ ಶಿಕ್ಷೆ ಒಂದೇ: ಕಾರು ಟ್ರ್ಯಾಕಿನ ಬದಿಗೆ, ಹೊಗೆ ಆಕಾಶಕ್ಕೆ. ಮೈಕ್ರೋಮೀಟರು ಹಿಡಿದ ಬೆರಳಿನ ಒತ್ತು ಎಷ್ಟಿರಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳಿಕೊಡಲಾರದು. ಒಂದೇ ತುಣುಕನ್ನು ಇಬ್ಬರು ಅಳೆದರೆ ಎರಡು ಉತ್ತರ ಬರುತ್ತವೆ. ಬಿಗಿ ಕೈಯವನದು ಒಂದು, ಹಗುರ ಕೈಯವನದು ಇನ್ನೊಂದು. ಅದಕ್ಕೇ ಒಬ್ಬನೇ ಅಳೆಯಬೇಕು, ಒಂದೇ ಕೈ ಆಗಬೇಕು.

ಆಮೇಲೆ ವಾಲ್ವು. ಕ್ಯಾಮಿನ ಉಬ್ಬು ತಳ್ಳಿದಾಗ ತೆರೆದು, ಸ್ಪ್ರಿಂಗಿನ ಬಲಕ್ಕೆ ಮುಚ್ಚಿಕೊಳ್ಳುವ ಆ ಪುಟ್ಟ ಬಾಗಿಲು ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ ತೆರೆದು ಮುಚ್ಚಬೇಕು. ವೇಗ ಮಿತಿ ಮೀರಿತೋ, ಸ್ಪ್ರಿಂಗು ಹಿಂದೆ ಬೀಳುತ್ತದೆ. ವಾಲ್ವು ಮುಚ್ಚುವ ಮೊದಲೇ ಪಿಸ್ಟನ್ ಮೇಲೆ ಬಂದು ಗುದ್ದುತ್ತದೆ. ಅಲ್ಲಿಗೆ ಕತೆ ಮುಗಿಯಿತು. ವಾಲ್ವಿನ ಸಂದನ್ನು ಸರಿಹೊಂದಿಸಲು ಫೀಲರ್ ಗೇಜಿನ ತಗಡನ್ನು ಅದರಲ್ಲಿ ತೂರಿಸಿ ಎಳೆದು ನೋಡುತ್ತಾರೆ. ತಗಡು ಬಿಗಿಯೂ ಆಗಬಾರದು, ಸಲೀಸಾಗಿಯೂ ಬರಬಾರದು, ಸ್ವಲ್ಪ ಎಳೆತ ಕೊಟ್ಟು ಬರಬೇಕು. ಆ ‘ಸ್ವಲ್ಪ’ ಎಷ್ಟು ಎಂದು ಕೇಳಿದರೆ ನಮ್ಮೂರ ಗ್ಯಾರೇಜಿನ ಮೇಸ್ತ್ರಿಯೂ ಹೇಳಲಾರ, ಕೈಗೆ ಕೊಟ್ಟು ತೋರಿಸುತ್ತಾನೆ.

ಆ 1964ರ ಎಂಜಿನ್ನು ಕ್ರೈಸ್ಲರ್ ಕಂಪನಿಯ 426 ಹೆಮಿ. 426 ಕ್ಯೂಬಿಕ್ ಇಂಚು ಎಂದರೆ ಹತ್ತಿರ 7 ಲೀಟರು. ನಮ್ಮ ಮಾರುತಿ 800ರ ಇಡೀ ಎಂಜಿನ್ನು 796 ಸಿಸಿ. ಹೆಮಿಯ ಒಂದೇ ಸಿಲಿಂಡರು ಅದಕ್ಕಿಂತ ದೊಡ್ಡದು. ಸಿಡಿತ ನಡೆಯುವ ಕೋಣೆಯ ಚಾವಣಿ ಅರ್ಧಗೋಳದ ಆಕಾರ. ಆ ಗುಮ್ಮಟದ ಎರಡು ಬದಿಗೆ ದೊಡ್ಡ ದೊಡ್ಡ ವಾಲ್ವುಗಳು. ಒಂದು ಕಡೆಯಿಂದ ಉಸಿರು ಎಳೆದು ಇನ್ನೊಂದು ಕಡೆಯಿಂದ ಬಿಡುವುದು ಸುಲಭ. ಗಾತ್ರ, ತೂಕ ನೋಡಿ ಜನ ಅದಕ್ಕೆ ಆನೆ ಎಂದೇ ಅಡ್ಡಹೆಸರಿಟ್ಟರು. ರೇಸಿಗೆ ಕೆಲವೇ ವಾರ ಇದ್ದಾಗ ಪರೀಕ್ಷೆಯಲ್ಲಿ ಸಿಲಿಂಡರಿನ ಗೋಡೆಗಳು ಬಿರುಕು ಬಿಡತೊಡಗಿದ್ದವು. ಕಂಪನಿ ಗೋಡೆ ದಪ್ಪ ಮಾಡಿ ಹೊಸ ಬ್ಲಾಕು ಎರಕ ಹೊಯ್ದು, ತರಾತುರಿಯಲ್ಲಿ ತಂಡಗಳಿಗೆ ಕಳಿಸಿತು. ರೇಸಿನ ದಿನ ಕ್ರೈಸ್ಲರ್‌ನ ಪ್ಲಿಮತ್ ಕಾರುಗಳೇ ಒಂದು, ಎರಡು, ಮೂರು. ಆ ವರ್ಷ ರಿಚರ್ಡ್ ಮೊದಲ ಸಲ ಚಾಂಪಿಯನ್ ಆದ.

ಬಲದ ಬಗ್ಗೆ ಇಷ್ಟು ಹೊಗಳಿದ ಮೇಲೆ ಅದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಬೆರಗು ಬರೀ ಭಜನೆ ಆದೀತು. ಮರುವರ್ಷ ನ್ಯಾಸ್ಕಾರ್ ಹೆಮಿಯನ್ನು ನಿಷೇಧಿಸಿತು. ಕ್ರೈಸ್ಲರ್ ಮುನಿಸಿಕೊಂಡು ಹೊರಗೆ ನಿಂತಿತು. ಪೆಟ್ಟಿಗಳು ಕೈಕಟ್ಟಿ ಕೂರಲಾರದೆ ನೇರ ರಸ್ತೆಯ ಡ್ರ್ಯಾಗ್ ರೇಸಿಗೆ ಹೋದರು. ಫೆಬ್ರವರಿಯಲ್ಲಿ ಜಾರ್ಜಿಯಾದ ಒಂದು ಟ್ರ್ಯಾಕಿನಲ್ಲಿ ರಿಚರ್ಡ್‌ನ ಕಾರು ಹತೋಟಿ ತಪ್ಪಿ ಜನರ ಮೇಲೆ ನುಗ್ಗಿತು. ಬಾಲಕನೊಬ್ಬ ಸತ್ತ. ಒಂದೇ ವರ್ಷದ ಹಿಂದೆ ಲಕ್ಷ ಕಣ್ಣುಗಳನ್ನು ಅರಳಿಸಿದ್ದ ಬಲವೇ ಇದು. ಕಬ್ಬಿಣಕ್ಕೆ ಗೆಲುವೂ ಗೊತ್ತಿಲ್ಲ, ಮಗುವೂ ಗೊತ್ತಿಲ್ಲ. ಈ ಮನೆತನದ ದೊಡ್ಡಸ್ತಿಕೆಯನ್ನು ಬರೆಯುವಾಗ ಆ ಒಂದು ದಿನವನ್ನು ದಾಟಿ ಹೋಗುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಎಂಜಿನ್ ಕೋಣೆಯ ಕೆಲಸದಲ್ಲಿ ಇನ್ನೊಂದು ವಿಚಿತ್ರವಿದೆ. ಇಷ್ಟು ನಾಜೂಕಾಗಿ ಕಟ್ಟಿದ್ದನ್ನು ರೇಸು ಮುಗಿದ ಮೇಲೆ ಬಿಚ್ಚುತ್ತಾರೆ. ಗೆದ್ದಿದ್ದರೂ ಬಿಚ್ಚಬೇಕು, ಸೋತಿದ್ದರೂ ಬಿಚ್ಚಬೇಕು. ಗೆದ್ದ ಎಂಜಿನ್ನಿನ ಬೇರಿಂಗು ಹೇಗೆ ಸವೆದಿದೆ, ಪಿಸ್ಟನ್ನಿನ ತಲೆಯ ಮೇಲೆ ಮಸಿ ಎಲ್ಲಿ ಕೂತಿದೆ, ಯಾವ ಸಿಲಿಂಡರಿಗೆ ಪೆಟ್ರೋಲು ಸಾಲದೆ ಬಂದಿದೆ ಎಂಬುದೆಲ್ಲ ಆಗಲೇ ಗೊತ್ತಾಗುವುದು. ಪ್ಲಗ್ ಬಿಚ್ಚಿ ಅದರ ಪಿಂಗಾಣಿಯ ಬಣ್ಣ ನೋಡುತ್ತಾರೆ. ತಿಳಿಗಂದು ಬಣ್ಣವಿದ್ದರೆ ಸರಿ. ಬೆಳ್ಳಗಾಗಿದ್ದರೆ ಪೆಟ್ರೋಲು ಕಮ್ಮಿ, ಕಾವು ಜಾಸ್ತಿ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ದಂಡ. ನಮ್ಮ ಬೈಕ್ ಮೆಕ್ಯಾನಿಕ್ಕುಗಳು ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡುವುದೂ ಇದನ್ನೇ. ಬೆಂಕಿ ತಾನು ಒಳಗೆ ಹೇಗಿದ್ದೆ ಎಂದು ಬರೆದಿಟ್ಟುಹೋದ ಚೀಟಿ ಅದು. ಓದಿ ಮುಗಿಸಿದ ಮೇಲೆ ಸವೆದದ್ದನ್ನು ಎಸೆದು, ಉಳಿದದ್ದನ್ನು ತೊಳೆದು, ಹೊಸದಾಗಿ ಕಟ್ಟುವುದು. ಮುಂದಿನ ಭಾನುವಾರ ಇನ್ನೊಂದು ರೇಸು.

1967ರಲ್ಲಿ ಈ ಬಿಚ್ಚಿ ಕಟ್ಟುವ ಆಟಕ್ಕೆ ಪುರಸೊತ್ತೇ ಇರಲಿಲ್ಲ. ಆ ವರ್ಷ ರಿಚರ್ಡ್ 48 ರೇಸುಗಳಲ್ಲಿ ಓಡಿಸಿ 27 ಗೆದ್ದ. ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಒಂದನೇ ತಾರೀಖಿನವರೆಗೆ, ಸುಮಾರು ಏಳು ವಾರಗಳಲ್ಲಿ, ಸಾಲಾಗಿ 10 ಗೆಲುವು. ಈ ಎರಡು ದಾಖಲೆಗಳನ್ನೂ ಇಂದಿಗೂ ಯಾರೂ ಮುರಿದಿಲ್ಲ. ಅರ್ಧ ಮೈಲಿಗಿಂತ ಚಿಕ್ಕ ಟ್ರ್ಯಾಕು ಒಂದು ದಿನ, ಮೈಲಿಗಿಂತ ದೊಡ್ಡದು ಇನ್ನೊಂದು ದಿನ. ಚಿಕ್ಕದರಲ್ಲಿ ತಿರುವಿನಿಂದ ಎದ್ದು ಬರುವ ದಮ್ಮು ಬೇಕು, ದೊಡ್ಡದರಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ಉಸಿರು ಹಿಡಿಯುವ ತಾಕತ್ತು ಬೇಕು. ಡ್ರೈವರ್ ಒಬ್ಬನೇ ಮನುಷ್ಯ, ತಿರುವು ನೋಡಿ ತನ್ನ ಗತಿ ಬದಲಿಸಿಕೊಳ್ಳಬಲ್ಲ. ಎಂಜಿನ್ನಿಗೆ ಆ ಬುದ್ಧಿಯನ್ನು ಮೊದಲೇ ತುಂಬಿ ಕಳಿಸಬೇಕು. ಟ್ರ್ಯಾಕಿನಲ್ಲಿ ಏನಾಗಬಹುದೋ ಅದನ್ನು ಕೊಟ್ಟಿಗೆಯಲ್ಲಿ ಕೂತು ಮುಂಚೆಯೇ ಯೋಚಿಸಿ, ಯೋಚಿಸಿದ್ದನ್ನು ಕಬ್ಬಿಣದ ಅಳತೆಯಾಗಿ ಬದಲಿಸುವುದು, ಇದಕ್ಕೆ ಬುದ್ಧಿವಂತಿಕೆ ಎಂದರೆ ಕಮ್ಮಿಯಾಯಿತು. ಮಾರಿಸ್‌ನ ಎಂಜಿನ್ನುಗಳು ಅಣ್ಣನಿಗೆ ಮಾತ್ರ ದುಡಿಯಲಿಲ್ಲ. ಜಿಮ್ ಪ್ಯಾಸ್ಕಲ್, ಪೀಟ್ ಹ್ಯಾಮಿಲ್ಟನ್, ಬಡ್ಡಿ ಬೇಕರ್ ಅವರೂ ಅವುಗಳಿಂದ ಗೆದ್ದರು. ಹ್ಯಾಮಿಲ್ಟನ್ 1970ರ ಡೇಟೋನಾ 500 ಗೆದ್ದದ್ದು ಪೆಟ್ಟಿ ತಂಡದ ಕಾರಿನಲ್ಲೇ. ಎಲ್ಲ ಸೇರಿ 200ಕ್ಕೂ ಹೆಚ್ಚು ಗೆಲುವು.

ಅವನ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಘಟ್ಟ 1978. ಅದರ ಸುದ್ದಿ ಯಾರೂ ಹೆಚ್ಚು ಎತ್ತುವುದಿಲ್ಲ. ಎಪ್ಪತ್ತರ ದಶಕದ ನಡುವಿಗೆ ನಿಯಮ ಬದಲಾಗಿ ಎಂಜಿನ್ನಿನ ಮಿತಿ 358 ಕ್ಯೂಬಿಕ್ ಇಂಚಿಗೆ ಇಳಿದಿತ್ತು. ಆನೆಯ ಕಾಲ ಮುಗಿದಿತ್ತು. ಕ್ರೈಸ್ಲರ್‌ನ ಚಿಕ್ಕ ಎಂಜಿನ್ನಿನಲ್ಲೇ 1974 ಮತ್ತು 1975ರ ಚಾಂಪಿಯನ್ ಪಟ್ಟಗಳು ಬಂದವು. ಆದರೆ 1978ರಲ್ಲಿ ಅದೇ ಕಂಪನಿಯ ಡಾಜ್ ಕಾರು ಕೈಕೊಟ್ಟಿತು, ಒಂದೂ ಗೆಲುವಿಲ್ಲ. ಆಗಸ್ಟ್‌ನಲ್ಲಿ ತಂಡ ಹಳೆಯ ಸಂಬಂಧ ಕಡಿದುಕೊಂಡು ಜನರಲ್ ಮೋಟಾರ್ಸ್‌ನ ಕಾರುಗಳಿಗೆ ಬಂತು. ಹೊರಗಿನಿಂದ ನೋಡಿದರೆ ಕಾರು ಬದಲಾಯಿತು, ಅಷ್ಟೆ. ಎಂಜಿನ್ ಕಟ್ಟುವವನಿಗೆ ಅದು ಇಪ್ಪತ್ತು ವರ್ಷ ಬೆರಳಿಗೆ ಅಂಟಿದ್ದನ್ನು ಬಿಡಿಸಿಕೊಳ್ಳುವ ಕೆಲಸ. ಬೋಲ್ಟಿನ ಜಾಗ ಬೇರೆ, ಎಣ್ಣೆ ಹರಿಯುವ ದಾರಿ ಬೇರೆ, ಎಲ್ಲಿ ಬಿರುಕು ಬರುತ್ತದೆ ಎಂಬ ಹಳೆಯ ಭಯಗಳೂ ಇಲ್ಲಿ ಉಪಯೋಗಕ್ಕಿಲ್ಲ. ನಲವತ್ತರ ಹೊಸ್ತಿಲಲ್ಲಿ ಮತ್ತೆ ಶಿಷ್ಯನಾಗಬೇಕು. ಅದಾಗಿ ಆರು ತಿಂಗಳಿಗೆ, 1979ರ ಫೆಬ್ರವರಿಯಲ್ಲಿ, ರಿಚರ್ಡ್ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಡೇಟೋನಾ ಗೆದ್ದ. ಮೊದಲಿದ್ದ ಇಬ್ಬರು ಕೊನೆಯ ಸುತ್ತಿನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು, ಹಿಂದೆ ಬರುತ್ತಿದ್ದ ರಿಚರ್ಡ್ ದಾಟಿ ಹೋದ. ಅಮೆರಿಕ ಇವತ್ತಿಗೂ ಆ ಡಿಕ್ಕಿಯನ್ನೂ ಆಮೇಲಿನ ಹೊಡೆದಾಟವನ್ನೂ ನೆನೆಯುತ್ತದೆ. ಅದೃಷ್ಟ ಎಂದರು. ಇರಲಿ. ಆದರೆ ಅದೃಷ್ಟ ಒಲಿಯುವ ಹೊತ್ತಿಗೆ ಕಾರು ಓಡುತ್ತಿರಬೇಕಲ್ಲ! ಆ ವರ್ಷದ ಕೊನೆಗೆ ಅಣ್ಣನಿಗೆ ಏಳನೆಯ, ಕೊನೆಯ ಚಾಂಪಿಯನ್ ಪಟ್ಟ.

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆಂದದ ಕತೆ ಆಗುತ್ತಿತ್ತು. ಆದರೆ 1983ರ ಅಕ್ಟೋಬರ್ ಅಡ್ಡ ಬರುತ್ತದೆ. ಶಾರ್ಲಟ್‌ನಲ್ಲಿ ರಿಚರ್ಡ್ ತನ್ನ 198ನೆಯ ರೇಸು ಗೆದ್ದ. ಗೆದ್ದ ಕಾರಿನ ಎಂಜಿನ್ ಅಳೆಯುವುದು ವಾಡಿಕೆ. ಅಳೆದರೆ 358 ಕ್ಯೂಬಿಕ್ ಇಂಚು ಇರಬೇಕಾದ್ದು 381.983. ಸಿಸಿ ಲೆಕ್ಕದಲ್ಲಿ ಹತ್ತಿರ 400 ಹೆಚ್ಚು. ಸಾಲದ್ದಕ್ಕೆ ಎಡಬದಿಯ ಮೆದು ಟೈರುಗಳನ್ನು ಬಲಬದಿಗೆ ಹಾಕಿದ್ದರು. ನ್ಯಾಸ್ಕಾರ್ 35,000 ಡಾಲರ್ ದಂಡ ಹಾಕಿತು, 104 ಅಂಕ ಕಿತ್ತುಕೊಂಡಿತು, ಗೆಲುವನ್ನು ಮಾತ್ರ ಉಳಿಸಿತು. ತಪ್ಪಿನ ಹೊರೆ ಎಂಜಿನ್ ಕೋಣೆಯ ಮೇಲೆ ಬಿತ್ತು. ಬೀಳದೆ ಎಲ್ಲಿಗೆ ಹೋಗಬೇಕು? ಇಂಚಿನ ಸಾವಿರದ ಭಾಗವನ್ನು ಬೆರಳಲ್ಲಿ ಅಳೆಯುವವರ ಮನೆಯಲ್ಲಿ 24 ಕ್ಯೂಬಿಕ್ ಇಂಚು ಕಣ್ತಪ್ಪಿನಿಂದ ಬರಲಾರದು.

ಇದನ್ನು ಏನೆಂದು ತೆಗೆದುಕೊಳ್ಳಬೇಕು? ಆ ಕಾಲದಲ್ಲಿ ಎಲ್ಲರೂ ಅಷ್ಟಿಷ್ಟು ಕೈಚಳಕ ತೋರಿಸುತ್ತಿದ್ದರು ಎಂಬ ಸಮಜಾಯಿಷಿ ಉಂಟು. ಸ್ಟಾಕ್ ಕಾರ್ ಲೋಕದಲ್ಲಿ ನಿಯಮದ ಸಂದು ಹುಡುಕುವುದನ್ನು ಜಾಣತನ ಎಂದು ಮೆಚ್ಚುವವರೂ ಕಡಿಮೆಯಿಲ್ಲ. ನನಗೆ ಆ ಸಮಜಾಯಿಷಿ ರುಚಿಸುವುದಿಲ್ಲ. ಸಂದು ಹುಡುಕುವುದು ಬೇರೆ, ಗೋಡೆ ಒಡೆಯುವುದು ಬೇರೆ. ಹಾಗಂತ ಅದಕ್ಕೆ ಮೊದಲಿನ ಎರಡು ದಶಕದ ಕೆಲಸವನ್ನೆಲ್ಲ ಒಂದೇ ದಿನದ ಅಳತೆಗೆ ತೂಗಿ ತಳ್ಳಿಹಾಕುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ಒಂದಂತೂ ನಿಜ. ಬೆರಗುಪಡಿಸುವ ಕೈ ಎಂದರೆ ಎಡವದ ಕೈ ಎಂದು ನಂಬಿಕೊಂಡು ಓದುತ್ತಾ ಬಂದವನಿಗೆ ಇಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಕೌಶಲಕ್ಕೆ ಅದರದ್ದೇ ಆದ ಆಸೆ ಇರುತ್ತದೆ. ಇನ್ನೂ ಸ್ವಲ್ಪ, ಇನ್ನೂ ಒಂದು ಗೆರೆ ಎಂದು ಅದು ದುಡಿಯುವವನನ್ನು ನೂಕುತ್ತಲೇ ಇರುತ್ತದೆ. ಬೇರಿಂಗಿನಲ್ಲಿ ಎಲ್ಲಿ ನಿಲ್ಲಬೇಕು ಎಂದು ಗೊತ್ತಿದ್ದ ಕೋಣೆಗೆ ಆ ವಾರ ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ಹೋಯಿತು.

ಮುಂದಿನ ವರ್ಷ ರಿಚರ್ಡ್ ಮನೆಯ ತಂಡ ಬಿಟ್ಟು ಇನ್ನೊಬ್ಬರ ತಂಡಕ್ಕೆ ಹೋದ. 1984ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ಡೇಟೋನಾದಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಎದುರಿಗೆ ತನ್ನ 200ನೆಯ ಗೆಲುವು ಪಡೆದ. ಆ ಸಂಖ್ಯೆಯ ಹತ್ತಿರಕ್ಕೂ ಇವತ್ತಿನವರೆಗೆ ಇನ್ನೊಬ್ಬ ಡ್ರೈವರ್ ಬಂದಿಲ್ಲ. ಆ ಕಾರು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಆ ದಿನದ ಎಂಜಿನ್ ಮಾತ್ರ ತಮ್ಮ ಕಟ್ಟಿದ್ದಲ್ಲ, ರಾಬರ್ಟ್ ಯೇಟ್ಸ್ ಎಂಬ ಇನ್ನೊಬ್ಬ ಮೇಸ್ತ್ರಿಯ ಕೈಯದು. ಮೊದಲ 198 ಗೆಲುವುಗಳು ಮನೆಯ ಕೊಟ್ಟಿಗೆಯಿಂದ ಹೊರಟವು, ಕೊನೆಯ ಎರಡು ಬೇರೆ ಕಡೆಯಿಂದ. ಫೋಟೊ, ಪಟಾಕಿ, ಅಧ್ಯಕ್ಷರು ಎಲ್ಲ ಬಂದದ್ದು ಆ ಎರಡರಲ್ಲಿ ಒಂದಕ್ಕೆ.

ಶಾರ್ಲಟ್‌ನ ನ್ಯಾಸ್ಕಾರ್ ಹಾಲ್ ಆಫ್ ಫೇಮ್ 2010ರಲ್ಲಿ ಮೊದಲ ಐದು ಜನರನ್ನು ಸೇರಿಸಿಕೊಂಡಾಗ ಅವರಲ್ಲಿ ರಿಚರ್ಡ್ ಇದ್ದ. 2011ರಲ್ಲಿ ಅಪ್ಪ ಲೀ. 2012ರಲ್ಲಿ ಡೇಲ್ ಇನ್ಮನ್. 2014ರಲ್ಲಿ ಮಾರಿಸ್. ಎಂಜಿನ್ ಕಟ್ಟಿದ ಕಾರಣಕ್ಕೇ ಆ ಮನೆಯೊಳಗೆ ಕರೆಸಿಕೊಂಡವರಲ್ಲಿ ಅವನೇ ಮೊದಲಿಗ. ಎಂಜಿನ್ನಿಲ್ಲದೆ ಒಂದಡಿ ಮುಂದೆ ಹೋಗಲಾರದ ಆಟಕ್ಕೆ ಈ ಒಬ್ಬನನ್ನು ಒಳಗೆ ಕರೆಯಲು 65 ವರ್ಷ ಬೇಕಾಯಿತು. 2020ರ ಜುಲೈನಲ್ಲಿ, 81ನೆಯ ವಯಸ್ಸಿನಲ್ಲಿ, ಮಾರಿಸ್ ತೀರಿಕೊಂಡ.

ಶಾರ್ಲಟ್ ಕಡೆ ನಿಮ್ಮ ಮಕ್ಕಳೋ ನೆಂಟರೋ ಇದ್ದು ಹೋಗುವ ಅವಕಾಶ ಬಂದರೆ ಲೆವೆಲ್ ಕ್ರಾಸ್‌ಗೂ ಹೋಗಿ ಬನ್ನಿ. ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಪೆಟ್ಟಿಗಳ ಹಳೆಯ ವರ್ಕ್‌ಶಾಪು ಈಗ ಮ್ಯೂಸಿಯಂ. ರಿಚರ್ಡ್‌ನ ತಿಳಿನೀಲಿ ಬಣ್ಣದ 43ನೇ ನಂಬರಿನ ಕಾರುಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಬಾನೆಟ್ ತೆರೆದಿಟ್ಟ ಕಾರು ಕಂಡರೆ ಮಾತ್ರ ಸ್ವಲ್ಪ ಹೊತ್ತು ಜಾಸ್ತಿ ನಿಂತು, ಬಗ್ಗಿ ಒಳಗೆ ನೋಡಿ. ಜೊತೆಗೆ ಮಕ್ಕಳಿದ್ದರೆ ಅವರಿಗೂ ತೋರಿಸಿ, ಪಿಸ್ಟನ್ ನಿಲ್ಲುತ್ತದೆ ಎಂದು ಹೇಳಿ, ಎಷ್ಟು ಸಲ ಎಂಬುದನ್ನು ಅವರೇ ಲೆಕ್ಕ ಹಾಕಲಿ.